ಬೇಡ ಎನ್ನಲಾಗದವರಿಗೆ ಕೊಡುವಾಗ

ಓದುವ ಬೇರೆಯವರಿಗಾಗಿ ನಿಮ್ಮ ಪ್ರಶ್ನೆಯನ್ನು ಮೊದಲು ಚಿಕ್ಕದಾಗಿ ಹೇಳಿಬಿಡುತ್ತೇನೆ. ಮುಂಬಯಿಯ ಮುಲುಂಡ್‌ನ ಒಂದು ಕಟ್ಟಡದ ಕೆಲಸಕ್ಕೆ ಕಲಬುರಗಿ, ಯಾದಗಿರಿ ಕಡೆಯಿಂದ ಬಂದವರ ಮಕ್ಕಳಿಗೆ ನೀವು ಗೆಳೆಯರೆಲ್ಲ ಸೇರಿ ಶಾಲೆಯ ಚೀಲ, ನೋಟ್‌ಬುಕ್, ಕಂಪಾಸ್ ಪೆಟ್ಟಿಗೆ ಹಂಚಿದಿರಿ. ಕೆಲವು ತಿಂಗಳ ಬಳಿಕ ಹೋಗಿ ನೋಡಿದರೆ ಮಕ್ಕಳು ಶಾಲೆಗೆ ಹೋಗುತ್ತಿಲ್ಲ, ಚೀಲದಲ್ಲಿ ಜೋಳದ ಹಿಟ್ಟು ಇದೆ. ಈ ಸಲ ಟ್ಯಾಬ್ ಕೊಡೋಣ ಎಂದು ಗುಂಪಿನಲ್ಲಿ ಕೆಲವರು ಹೇಳಿದರೆ, ಈ ಜನಕ್ಕೆ ಏನು ಮಾಡಿದರೂ ಅಷ್ಟೇ ಎಂದು ಉಳಿದವರು ಹೇಳುತ್ತಿದ್ದಾರೆ. ಒಳ್ಳೆಯ ಮನಸ್ಸಿನಿಂದ ಮಾಡಿದ ಸಹಾಯ ಒಮ್ಮೆ ಫಲಿಸಿ ಇನ್ನೊಮ್ಮೆ ಕೆಡುವುದೇಕೆ ಎಂದು ಕೇಳಿದ್ದೀರಿ.

ಹಿಟ್ಟಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ತಗಡಿನ ಜೋಪಡಿಯಲ್ಲಿ ಇಲಿಗೆ ಸಿಗದಂತೆ ಗೂಟಕ್ಕೆ ನೇತುಹಾಕಲು ಜಿಪ್ ಇರುವ ಚೀಲಕ್ಕಿಂತ ಒಳ್ಳೆಯದು ಯಾವುದಿದೆ? ಆ ತಾಯಿ ಜಾಣೆ. ನನ್ನನ್ನು ತಡೆದು ನಿಲ್ಲಿಸಿದ್ದು ನೀವು ಬರೆದ ಇನ್ನೊಂದು ಸಾಲು: ‘ಕೊಟ್ಟ ದಿನ ಎಲ್ಲರೂ ತುಂಬ ಖುಷಿಪಟ್ಟಿದ್ದರು.’ ಪಡದೆ ಏನು ಮಾಡುತ್ತಾರೆ? ಕೂಲಿಯಾಳುಗಳ ಮೇಸ್ತ್ರಿ ಮುಕಾದಮನೇ ಕರೆದು ಸಾಲಾಗಿ ನಿಲ್ಲಿಸಿದ್ದಾನೆ, ಕಾರಿನಲ್ಲಿ ಬಂದವರು ಕನ್ನಡದಲ್ಲಿ ಮಾತನಾಡಿಸುತ್ತಿದ್ದಾರೆ, ಜೊತೆಗೆ ಫೋಟೊ ಬೇರೆ. ದಿನಸಿ ಅಂಗಡಿಯವನು ಹುಳ ಬಿದ್ದ ಬೇಳೆ ಮಾರಿದರೆ ಗಿರಾಕಿ ಮರುದಿನವೇ ತಂದು ಎದುರಿಗೆ ಸುರಿಯುತ್ತಾನೆ. ಪುಕ್ಕಟೆ ಕೊಡುವವನಿಗೆ ಆ ಭಾಗ್ಯವಿಲ್ಲ. ಹುಳ ಬಿದ್ದದ್ದಕ್ಕೂ ಒಳ್ಳೆಯದಕ್ಕೂ ಅವನಿಗೆ ಸಿಗುವುದು ಒಂದೇ ನಮಸ್ಕಾರ.

ಊರಿನಿಂದ ಚಿಕಿತ್ಸೆಗೆ ಬಂದವರಿಗೆ ಭಾಷೆಯ ಜೊತೆಗಾರನಾಗಿ ನಾನು ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯ ಕಡೆ ಆಗಾಗ ಹೋಗುತ್ತಿರುತ್ತೇನೆ. ದಾದರಿನ ಗಾಡಗೆ ಮಹಾರಾಜರ ಧರ್ಮಶಾಲೆಯಂಥ ಕಡೆ ಜಾಗ ಸಿಕ್ಕದವರು ಫುಟ್‌ಪಾತಿನಲ್ಲೇ ಹಾಸಿಗೆ ಬಿಚ್ಚುತ್ತಾರೆ. ಅವರಿಗೆ ಊಟ ಹಂಚಲು ಜನ ಬರುತ್ತಾರೆ, ಹಬ್ಬದ ದಿನಗಳಲ್ಲಂತೂ ಒಬ್ಬರ ಹಿಂದೆ ಒಬ್ಬರು. ಸಿಂಧನೂರು ಕಡೆಯ ಹಿರಿಯರೊಬ್ಬರಿಗೆ ಬಾಯಿ ಕ್ಯಾನ್ಸರ್ ಆಗಿತ್ತು, ಗಂಜಿಯನ್ನೂ ಆರಿಸಿ ಕುಡಿಯಬೇಕಾದ ಸ್ಥಿತಿ. ಮಸಾಲೆ ಪುಲಾವಿನ ಪೊಟ್ಟಣವನ್ನು ಅವರು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಕಾರು ತಿರುವು ದಾಟಿದ ಮೇಲೆ ಪಕ್ಕದವರಿಗೆ ಕೊಟ್ಟರು. ‘ಕಾಕಾ, ಆಗುವುದಿಲ್ಲ ಎಂದು ಹೇಳಬಾರದಿತ್ತೇ?’ ಎಂದೆ. ‘ಹಾಗೆಂದರೆ ನಾಳೆ ಬರದಿದ್ದರೆ? ಹೆಂಡತಿಗೆ ಬೇಕಲ್ಲ’ ಎಂದರು. ಪೊಟ್ಟಣ ಕೊಟ್ಟವರ ಪಾಲಿಗೆ ಆ ದಿನ ಎಲ್ಲವೂ ಸರಿಯಾಗಿಯೇ ನಡೆದಿತ್ತು.

ಇದು ಪೊಟ್ಟಣದ ಮಟ್ಟಕ್ಕೆ ಮುಗಿಯುವ ಮಾತಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 1939ರಲ್ಲಿ ಕೇಂಬ್ರಿಡ್ಜ್–ಸಾಮರ್‌ವಿಲ್ ಅಧ್ಯಯನ ಎಂಬ ದೊಡ್ಡ ಪ್ರಯತ್ನ ಶುರುವಾಯಿತು. ಬಡ ಬಡಾವಣೆಗಳ ಹುಡುಗರು ದಾರಿ ತಪ್ಪಬಾರದೆಂಬುದು ಉದ್ದೇಶ. 506 ಹುಡುಗರಲ್ಲಿ ಅರ್ಧ ಜನರನ್ನು ಚೀಟಿ ಎತ್ತಿದಂತೆ ಆರಿಸಿ, ವರ್ಷಗಟ್ಟಲೆ ಸಲಹೆಗಾರರು ಮನೆಗೇ ಹೋಗಿ ವಿಚಾರಿಸಿದರು. ಪಾಠ, ವೈದ್ಯರು, ಬೇಸಿಗೆ ಶಿಬಿರ ಎಲ್ಲವೂ ಇತ್ತು. ಸುಮಾರು ಮೂವತ್ತು ವರ್ಷಗಳ ನಂತರ ಜೋನ್ ಮೆಕ್‌ಕಾರ್ಡ್ ಎಂಬ ಅಪರಾಧ ಶಾಸ್ತ್ರಜ್ಞೆ ಅವರನ್ನೆಲ್ಲ ಹುಡುಕಿದರು. ಸಹಾಯ ಪಡೆದು ಉತ್ತರಿಸಿದವರಲ್ಲಿ ಮೂರನೇ ಎರಡರಷ್ಟು ಜನ ಅದರಿಂದ ಒಳ್ಳೆಯದಾಯಿತು ಎಂದರು. ಆದರೆ ಸಹಾಯ ಸಿಗದ ಉಳಿದರ್ಧದ ಜೊತೆ ಹೋಲಿಸಿ ನೋಡಿದರೆ ಮರಳಿ ಅಪರಾಧ ಮಾಡಿದವರು, ಕುಡಿತಕ್ಕೆ ಬಿದ್ದವರು, ಬೇಗ ತೀರಿಕೊಂಡವರು ಸಹಾಯ ಪಡೆದವರಲ್ಲೇ ಹೆಚ್ಚು! 1978ರಲ್ಲಿ ಇದು ಪ್ರಕಟವಾಯಿತು. ಕಾರಣವೇನೆಂಬುದರ ಬಗ್ಗೆ ಚರ್ಚೆ ಮುಗಿದಿಲ್ಲ. ಪುಂಡ ಹುಡುಗರನ್ನೆಲ್ಲ ಒಂದೇ ಶಿಬಿರದಲ್ಲಿ ಸೇರಿಸಿದ್ದೇ ಕೆಟ್ಟಿತು ಎನ್ನುವವರಿದ್ದಾರೆ. ನನಗೆ ಮುಖ್ಯವಾಗಿ ಕಾಣುವುದು ಬೇರೆ: ಉಳಿದರ್ಧ ಹುಡುಗರ ಲೆಕ್ಕ ಇಡದೆ ಹೋಗಿದ್ದರೆ, ಆ ಕೃತಜ್ಞತೆಯ ಮಾತುಗಳನ್ನೇ ಅಚ್ಚು ಹಾಕಿಸಿ ವಾರ್ಷಿಕ ವರದಿ ಹೊರಡಿಸಬಹುದಿತ್ತು.

ಹಾಗಾದರೆ ಫಲಿಸುವುದು ಯಾವುದು? ನೆರವು ಪಡೆಯುವವರು ಬಾಯಿ ತೆರೆಯದಿದ್ದರೂ ಕೊಡುವವರಿಗೆ ಸುದ್ದಿ ಮುಟ್ಟುವಂತೆ ಕಟ್ಟಿದ್ದು. ನಮ್ಮ ಮುಂಬಯಿಯ ಕನ್ನಡ ರಾತ್ರಿಶಾಲೆಗಳನ್ನೇ ನೋಡಿ. ಉಡುಪಿ ಹೋಟೆಲುಗಳಲ್ಲಿ ಟೇಬಲ್ ಒರೆಸುತ್ತಿದ್ದ ಹುಡುಗರಿಗೆ ಕೆಲಸ ಬಿಟ್ಟು ಓದು ಎಂದು ಯಾರೂ ಉಪದೇಶಿಸಲಿಲ್ಲ, ಪಾಠವನ್ನೇ ಕೆಲಸದ ಹೊತ್ತಿನಾಚೆಗೆ ಇಟ್ಟರು. ಪಾಠ ಹಿಡಿಸದ ಹುಡುಗ ಬರುತ್ತಿರಲಿಲ್ಲ, ಬೆಂಚು ಖಾಲಿಯಾದದ್ದು ಮೇಷ್ಟರಿಗೆ ಅಂದೇ ರಾತ್ರಿ ಕಾಣುತ್ತಿತ್ತು. ದೆಹಲಿಯಲ್ಲಿ 1969ರಲ್ಲಿ ಮೀರಾ ಮಹಾದೇವನ್ ಆರಂಭಿಸಿ, ಸ್ವಲ್ಪ ಕಾಲದಲ್ಲೇ ಮುಂಬಯಿಗೂ ಬಂದ ಮೊಬೈಲ್ ಕ್ರೆಷಸ್ ಕೂಡ ಹೀಗೆಯೇ. ಕೂಲಿಯವರ ಕೂಸುಗಳಿಗೆ ಕಟ್ಟಡದ ಸೈಟಿನಲ್ಲೇ ಶಿಶುವಿಹಾರ. ಸೈಟು ಮುಗಿದರೆ ಅದೂ ಗಂಟುಮೂಟೆ ಕಟ್ಟುತ್ತದೆ. ನಡುವೆ ಬಂದು ಕೂಸಿಗೆ ಹಾಲುಣಿಸಿ ಹೋಗುವ ತಾಯಿ ಅಲ್ಲಿ ಏನು ನಡೆಯುತ್ತಿದೆ ಎಂದು ಕಣ್ಣಾರೆ ನೋಡುತ್ತಾಳೆ. ಸರಿಯಿಲ್ಲದಿದ್ದರೆ ಮಾರನೆಯ ದಿನ ಕೂಸನ್ನು ಬಿಡುವುದಿಲ್ಲ, ಅಷ್ಟೇ.

ಟ್ಯಾಬಿನ ವಿಷಯಕ್ಕೆ ಬರುವ ಮುಂಚೆ ಕೆನ್ಯಾದ ಒಂದು ಸಂಗತಿ. ಅಲ್ಲಿನ ಪಶ್ಚಿಮ ಭಾಗದ ಶಾಲೆಗಳಿಗೆ ಉಚಿತ ಪಠ್ಯಪುಸ್ತಕ ಕೊಟ್ಟು ಅರ್ಥಶಾಸ್ತ್ರಜ್ಞರು ಪರೀಕ್ಷಿಸಿದರು. ಸರಾಸರಿ ಅಂಕ ಏರಲೇ ಇಲ್ಲ, ಮೊದಲೇ ಚುರುಕಾಗಿದ್ದವರಿಗೆ ಮಾತ್ರ ಲಾಭವಾಯಿತು. ಪುಸ್ತಕ ಇದ್ದದ್ದು ಇಂಗ್ಲಿಷಿನಲ್ಲಿ, ಹೆಚ್ಚಿನ ಮಕ್ಕಳಿಗೆ ಅದು ಮೂರನೆಯ ಭಾಷೆ. ನಿಮ್ಮ ಟ್ಯಾಬ್ ತೆರೆದಾಗ ಯಾದಗಿರಿಯ ಮಗುವಿಗೆ ಕಾಣುವುದು ಯಾವ ಭಾಷೆ? ಇದಕ್ಕೆ ಎದುರಾಗಿ, ಮುಂಬಯಿಯಲ್ಲೇ ಹುಟ್ಟಿದ ಪ್ರಥಮ್ ಸಂಸ್ಥೆ ಇಲ್ಲಿನ ಮತ್ತು ವಡೋದರಾದ ಪಾಲಿಕೆ ಶಾಲೆಗಳಲ್ಲಿ ಬಾಲಸಖಿ ಎಂಬ ಪ್ರಯೋಗ ಮಾಡಿತು. ಮೂರು–ನಾಲ್ಕನೇ ತರಗತಿಗೆ ಬಂದರೂ ಓದಲು, ಲೆಕ್ಕ ಕೂಡಲು ಬಾರದ ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿ, ಅದೇ ಮೊಹಲ್ಲಾದ ಹುಡುಗಿಯೊಬ್ಬಳು ಅವರಿಗೆ ಬರುವಲ್ಲಿಂದಲೇ ಕಲಿಸುತ್ತಿದ್ದಳು. ಆಕೆಗೆ ಸಿಗುತ್ತಿದ್ದದ್ದು ಸಣ್ಣ ಸಂಬಳ. 2001ರಿಂದ 2003ರವರೆಗೆ ಇದನ್ನೂ ಅಳೆದು ನೋಡಿದರು. ಅಂಕಗಳು ಏರಿದವು, ಅದೂ ತೀರಾ ಹಿಂದಿದ್ದ ಮಕ್ಕಳಲ್ಲೇ ಹೆಚ್ಚು.

ಜನರನ್ನೇ ಕೇಳಿ ಮಾಡಿದರೆ ಸಾಕು ಎನ್ನುವ ಮಾತನ್ನೂ ನಾನು ಪೂರ್ತಿ ಒಪ್ಪುವುದಿಲ್ಲ. ಕೆರೆಯ ನೀರು ಕುಡಿದು ಭೇದಿಯಿಂದ ಸಾಯುವ ಮಕ್ಕಳನ್ನು ಉಳಿಸಲು ಬಾಂಗ್ಲಾದೇಶದಲ್ಲಿ 1970ರ ದಶಕದಿಂದ ಯುನಿಸೆಫ್ ನೆರವಿನಲ್ಲಿ ಕೊಳವೆಬಾವಿಗಳನ್ನು ತೋಡಿದರು. ಜನರಿಗೆ ಎಷ್ಟು ಹಿಡಿಸಿತೆಂದರೆ ಆಮೇಲೆ ತಮ್ಮ ದುಡ್ಡಿನಲ್ಲೇ ತೋಡಿಸಿಕೊಂಡರು. ಆ ನೀರಿನಲ್ಲಿ ಸಹಜವಾಗಿಯೇ ಆರ್ಸೆನಿಕ್ ವಿಷವಿತ್ತು. ಅದು ಖಚಿತವಾದದ್ದು 1993ರಲ್ಲಿ, ಅಷ್ಟರಲ್ಲಿ ಕೋಟಿಗಟ್ಟಲೆ ಜನ ಕುಡಿದಾಗಿತ್ತು. ಬಣ್ಣವಿಲ್ಲದ, ರುಚಿಯಿಲ್ಲದ ವಿಷದ ಬಗ್ಗೆ ಯಾರನ್ನು ಕೇಳಿ ಏನು ಪ್ರಯೋಜನ? ಆಮೇಲೆ ಬಾವಿಗಳನ್ನು ಪರೀಕ್ಷಿಸಿ ಅಪಾಯದ ಪಂಪಿಗೆ ಕೆಂಪು, ಸುರಕ್ಷಿತ ಪಂಪಿಗೆ ಹಸಿರು ಬಣ್ಣ ಬಳಿದರು. ಸಾಕಷ್ಟು ಮಂದಿ ನೆರೆಯ ಹಸಿರು ಪಂಪಿಗೆ ಬದಲಾದರು. ಕೇಳಿ ತಿಳಿಯುವಂಥದ್ದನ್ನು ಕೇಳಬೇಕು, ಅಳೆಯಬೇಕಾದದ್ದನ್ನು ಅಳೆಯಬೇಕು.

ಇನ್ನು ನಿಮ್ಮ ಸೈಟು. ಹೋಗುವಾಗ ಕೈ ಬೀಸಿಕೊಂಡು ಹೋಗಿ, ಮುಕಾದಮ ಇಲ್ಲದ ಹೊತ್ತಿನಲ್ಲಿ, ಸಾಧ್ಯವಾದರೆ ನಿಮ್ಮ ಗುಂಪಿನ ಹೆಂಗಸರು ಹೋಗಲಿ. ಸಂಜೆ ರೊಟ್ಟಿ ಬಡಿಯುವಾಗ ಕೂತು ಮಾತನಾಡಿದರೆ ಮಗು ಶಾಲೆಗೆ ಹೋಗದಿರಲು ಕಾರಣ ಚೀಲವಲ್ಲ ಎಂದು ನಿಮಗೇ ತಿಳಿಯುತ್ತದೆ. ದೊಡ್ಡ ಹುಡುಗಿ ತಮ್ಮನನ್ನು ಎತ್ತಿಕೊಂಡಿರಬೇಕು, ಹೆದ್ದಾರಿ ದಾಟಿಸುವವರಿಲ್ಲ, ಜಾತ್ರೆಗೆ ಊರಿಗೆ ಹೋದ ಕುಟುಂಬ ಮರಳುವಾಗ ಬೇರೆ ಸೈಟಿಗೆ ಬರಬಹುದು. ಮುಂಬಯಿ ಪಾಲಿಕೆ ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸುತ್ತದೆ. ಹತ್ತಿರದ್ದು ಎಷ್ಟು ದೂರವಿದೆ, ಮಕ್ಕಳನ್ನು ಬಿಟ್ಟು ಕರೆತರಲು ರಿಕ್ಷಾಕ್ಕೆ ತಿಂಗಳಿಗೆ ಎಷ್ಟಾಗುತ್ತದೆ ಎಂಬ ಲೆಕ್ಕ ಟ್ಯಾಬಿನ ಬೆಲೆಗಿಂತ ಮೊದಲು ಹಾಕಿ. ಐವತ್ತಕ್ಕಿಂತ ಹೆಚ್ಚು ಹೆಣ್ಣಾಳುಗಳಿರುವ ಸೈಟಿನಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುವಿಹಾರದ ಕೋಣೆ ಇರಲೇಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಹೇಳುತ್ತಿತ್ತು; 2025ರ ನವೆಂಬರಿನಿಂದ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ, ಈಗಿನ ನಿಯಮವನ್ನು ವಿಚಾರಿಸಿಕೊಳ್ಳಿ. ಬಿಲ್ಡರ್‌ಗೆ ಆ ಕೋಣೆ ಕೇಳಿ ಪತ್ರ ಬರೆಯಲು ಕೂಲಿಯವರಿಗೆ ಧೈರ್ಯ ಸಾಲದು, ನಿಮಗೆ ಸಾಕು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಲು ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ ಪ್ರಮಾಣಪತ್ರ ಬೇಕು. ಕೂಲಿಗೆ ಕಾಯುವ ನಾಕಾದಲ್ಲಿ ನಿಂತು ದಿನಕ್ಕೊಬ್ಬ ಧಣಿಯ ಬಳಿ ದುಡಿಯುವವರಿಗೆ ಅದನ್ನು ಬರೆದುಕೊಡುವವರು ಯಾರು? ಈ ಕಾಗದದ ಬೆನ್ನು ಹತ್ತಲು ನಿಮ್ಮ ಗುಂಪಿನಲ್ಲಿ ಇಬ್ಬರಿಗೆ ಪುರುಸೊತ್ತಿದ್ದರೆ ಅಲ್ಲಿಂದಲೇ ಶುರುಮಾಡಿ. ಮಕ್ಕಳ ಹೆಸರು, ಯಾರು ಎಂದಿನಿಂದ ಶಾಲೆಗೆ ಹೋಗುತ್ತಿದ್ದಾರೆ, ಯಾರು ಬಿಟ್ಟರು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋಗಿ. ಮುಂದಿನ ಜೂನ್‌ನಲ್ಲಿ ಗುಂಪು ಮತ್ತೆ ಚರ್ಚೆಗೆ ಕೂತಾಗ ಫೋಟೊಗಳ ಬದಲು ಅದನ್ನು ಮೇಜಿನ ಮೇಲಿಡಿ.