ಕೆಲಸದ ಮಾತು: ಗೋವಾ ಬೇಡ, ಕಲಬುರಗಿಗೇ ಕರೆಯಿರಿ

ಪ್ರಶ್ನೆ: ಅಕ್ಕಾವರೆ, ನಮಸ್ಕಾರ. ನಾನು, ನನ್ನ ಗೆಳೆಯ ಸೇರಿ ಕಲಬುರಗಿಯಿಂದ ಒಂದು ಸಣ್ಣ ಕಂಪನಿ ನಡೆಸುತ್ತೇವೆ. ಅಮೆರಿಕದ ಆಸ್ಪತ್ರೆಗಳ ಮೆಡಿಕಲ್ ಬಿಲ್ಲಿಂಗ್, ಅಂದರೆ ರೋಗಿಗಳ ಬಿಲ್ಲಿನ ಹಣ ಇನ್ಶೂರೆನ್ಸ್ ಕಂಪನಿಗಳಿಂದ ಬರುವಂತೆ ಮಾಡುವುದು, ನಮ್ಮ ಕೆಲಸ. 2020ರ ಲಾಕ್‌ಡೌನ್‌ನಲ್ಲಿ ಎಲ್ಲರನ್ನೂ ಮನೆಗೆ ಕಳಿಸಿದೆವು, ಆಮೇಲೆ ಆಫೀಸನ್ನೇ ಖಾಲಿ ಮಾಡಿದೆವು. ಈಗ 28 ಜನ ಇದ್ದೇವೆ. 9 ಮಂದಿ ಬೆಂಗಳೂರಿನಲ್ಲಿ, ಇಬ್ಬರು ಪುಣೆಯಲ್ಲಿ, ಉಳಿದವರು ಕಲಬುರಗಿ, ಸೇಡಂ, ಹುಮನಾಬಾದ್, ಬೀದರ್ ಕಡೆ ತಮ್ಮ ತಮ್ಮ ಮನೆಯಿಂದಲೇ ಕೆಲಸ ಮಾಡುತ್ತಾರೆ. ಕೆಲಸಕ್ಕೆ ಕೊರತೆಯಿಲ್ಲ. ಆದರೆ ಕೋಡಿಂಗ್ ಮಾಡುವವರಿಗೂ (ರೋಗಕ್ಕೆ, ಚಿಕಿತ್ಸೆಗೆ ಬಿಲ್ಲಿನ ಸಂಕೇತ ಹಾಕುವವರು) ಇನ್ಶೂರೆನ್ಸ್ ಕಂಪನಿಗೆ ಫೋನ್ ಹಚ್ಚುವವರಿಗೂ ಚಾಟ್‌ನಲ್ಲಿ ದಿನಾ ಜಗಳ. ಎರಡು ವರ್ಷ ಕೂಡಿ ಕೆಲಸ ಮಾಡಿದವರು ಒಬ್ಬರನ್ನೊಬ್ಬರು ಎದುರಿಗೆ ನೋಡಿಯೇ ಇಲ್ಲ. ವರ್ಷಕ್ಕೊಮ್ಮೆ ಎಲ್ಲರನ್ನೂ ಒಂದು ಕಡೆ ಸೇರಿಸಬೇಕು ಅಂತ ನನ್ನ ಆಸೆ. ಬೆಂಗಳೂರಿನವರು ಗೋವಾ ಅನ್ನುತ್ತಾರೆ. ಪಾಲುದಾರ ‘ಆ ದುಡ್ಡಿನಲ್ಲಿ ಎಲ್ಲರಿಗೂ ಬೋನಸ್ ಕೊಡಬಹುದು’ ಅನ್ನುತ್ತಾನೆ. ಏನು ಮಾಡಲಿ?
— ಕಂಪನಿ ನಡೆಸುವವ, ಕಲಬುರಗಿ

ಉತ್ತರ: ತಮ್ಮಾ, ನಿಮ್ಮ ಪಾಲುದಾರರ ಮಾತು ತೆಗೆದುಹಾಕುವಂಥದ್ದಲ್ಲ. ಜನರ ಸಂಬಳ, ಬೋನಸ್ ಬಾಕಿ ಇಟ್ಟು ಸಮಾವೇಶ ಮಾಡುವುದಾದರೆ ಮಾಡಲೇಬೇಡಿ. ಆದರೆ ಅವರಿಗೆ ಒಂದು ಲೆಕ್ಕ ತೋರಿಸಿ. ಖಾಲಿ ಮಾಡಿದ ಆಫೀಸಿಗೆ ತಿಂಗಳಿಗೆ ಎಷ್ಟು ಬಾಡಿಗೆ, ಎಷ್ಟು ಕರೆಂಟ್ ಬಿಲ್ಲು ಕಟ್ಟುತ್ತಿದ್ದಿರಿ? ಆ ಆಫೀಸು ಬರೀ ಕುರ್ಚಿ ಮೇಜಿನ ಜಾಗವಾಗಿರಲಿಲ್ಲ. ಕೋಡಿಂಗ್ ಹುಡುಗಿ ಚಹಾ ಕುಡಿಯಲು ಎದ್ದಾಗ ಫೋನ್ ಹುಡುಗನ ಮುಖ ನೋಡಿ ‘ಯಾಕೋ, ಇವತ್ತು ಭಾಳ ಬೈಸಿಕೊಂಡೇನು?’ ಅಂತ ಕೇಳುವ ಜಾಗವಾಗಿತ್ತು. ಬಾಡಿಗೆ ಉಳಿಯಿತು, ಆ ಮಾತು ಹೋಯಿತು. ಉಳಿದ ಬಾಡಿಗೆಯಲ್ಲಿ ಒಂದು ಪಾಲು ಆ ಮಾತಿಗೆ ವಾಪಸು ಹೋಗಬೇಕು ಅನ್ನುವುದು ನನ್ನ ವಾದ.

ಇದಕ್ಕೆ ಆಧಾರವೂ ಇದೆ. ಮೈಕ್ರೋಸಾಫ್ಟ್ ಕಂಪನಿ ಅಮೆರಿಕದಲ್ಲಿರುವ ತನ್ನ 61,182 ನೌಕರರ ಈಮೇಲ್, ಮೀಟಿಂಗ್, ಕರೆಗಳ ಲೆಕ್ಕವನ್ನು 2020ರ ಮೊದಲ ಆರು ತಿಂಗಳ ಮಟ್ಟಿಗೆ ಇಟ್ಟು ಅಧ್ಯಯನ ಮಾಡಿತು. ಎಲ್ಲರೂ ಮನೆಗೆ ಹೋದ ಮೇಲೆ ತಮ್ಮ ತಮ್ಮ ತಂಡದೊಳಗಿನ ಮಾತು ಗಟ್ಟಿಯಾಯಿತು, ಬೇರೆ ತಂಡದವರ ಜೊತೆಗೆ ಕಳೆಯುವ ಸಮಯದ ಪಾಲು ಸುಮಾರು ಕಾಲುಭಾಗ ಇಳಿಯಿತು. ನಿಮ್ಮ ಕೋಡಿಂಗ್ ಮತ್ತು ಫೋನ್ ತಂಡಗಳ ನಡುವೆ ಆಗಿರುವುದು ಇದೇ. ಅವರು ಕೆಟ್ಟವರಲ್ಲ. ಅವರ ನಡುವಿನ ಹಾದಿಯಲ್ಲಿ ಓಡಾಟ ನಿಂತು ಹುಲ್ಲು ಬೆಳೆದಿದೆ. ಹಾಗಾಗಿ ನೀವು ಜನ ಸೇರಿಸುವಾಗ, ದಿನವೂ ಮಾತಾಡುವವರನ್ನೇ ಮತ್ತೆ ಒಟ್ಟಿಗೆ ಕೂರಿಸಿದರೆ ದುಡ್ಡು ದಂಡ.

ಈಗ ಎಲ್ಲಿಗೆ ಅನ್ನುವ ಮಾತು. ಇಲ್ಲಿ ನನ್ನದೊಂದು ತಪ್ಪು ಹೇಳಬೇಕು. ಬೆಂಗಳೂರಿನಲ್ಲಿ ಇಪ್ಪತ್ತೆರಡು ವರ್ಷ ನಾನು ಎಚ್‌ಆರ್ ಕೆಲಸ ಮಾಡಿದೆ. ಒಂದು ಕಂಪನಿಯಲ್ಲಿ ಇಂಥದೇ ಸಮಾವೇಶದ ಪೂರ್ತಿ ಜವಾಬ್ದಾರಿ ನನ್ನದಿತ್ತು. ಊರಾಚೆ ರೆಸಾರ್ಟು, ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು, ಹಗ್ಗ ಎಳೆಯುವ ಆಟ, ಈಜುಕೊಳ, ರಾತ್ರಿ ಹಾಡು ಕುಣಿತ. ಔರಾದ್ ಕಡೆಯ ಒಬ್ಬ ಹುಡುಗ ನಮ್ಮಲ್ಲಿ ಡೇಟಾ ಕೆಲಸ ಮಾಡುತ್ತಿದ್ದ, ಊರಿನಿಂದಲೇ. ಫೋನಿನಲ್ಲಿ ಭಾಳ ಚುರುಕು, ಎಲ್ಲರ ತಪ್ಪನ್ನೂ ಹಿಡಿಯುವವನು. ಮೂರು ದಿನ ಅವನು ಗೋಡೆಗೆ ಒರಗಿಕೊಂಡು ನಿಂತಿದ್ದ. ಈಜಲು ಬಟ್ಟೆ ತಂದಿರಲಿಲ್ಲ, ಊಟದ ಮೇಜಿನ ಇಂಗ್ಲಿಷ್ ತಮಾಷೆ ಅವನಿಗೆ ಹತ್ತಲಿಲ್ಲ. ಬಸ್ ಟಿಕೆಟ್ಟಿನ ಹಣವನ್ನು ತಾನೇ ಹಾಕಿಕೊಂಡಿದ್ದ, ಕಂಪನಿಯಿಂದ ಅದು ವಾಪಸು ಬರಲು ಒಂದೂವರೆ ತಿಂಗಳಾಯಿತು. ಮೂರು ತಿಂಗಳಲ್ಲಿ ಕೆಲಸ ಬಿಟ್ಟ. ಬಿಡುವಾಗ ನನಗೆ ಹೇಳಿದ್ದು ಇಷ್ಟೇ: ‘ಮೇಡಂ, ಫೋನಿನ್ಯಾಗ ನಾನೂ ನಿಮ್ಮವನೇ ಅನಿಸ್ತಿತ್ತು. ಅಲ್ಲಿಗೆ ಬಂದ ಮ್ಯಾಲೆ ಅಲ್ಲ ಅಂತ ಗೊತ್ತಾತು.’

ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಅವನ ಮೇಲೆ ಯಾರೂ ದನಿ ಏರಿಸಿರಲಿಲ್ಲ, ಎಲ್ಲರೂ ನಗುನಗುತ್ತಲೇ ಇದ್ದರು. ಆದರೆ ಆ ಜಾಗ, ಆ ಆಟ, ಆ ಊಟ ಎಲ್ಲವೂ ಬೆಂಗಳೂರಿನವರದ್ದಾಗಿತ್ತು. ಅವರು ಮನೆಯವರು, ಇವನು ಅತಿಥಿ. ಅದಕ್ಕೇ ನಿಮಗೆ ಹೇಳುತ್ತೇನೆ, ಯಾರು ಎಲ್ಲರಿಗಿಂತ ಅಂಚಿನಲ್ಲಿ ಕೂತಿದ್ದಾರೋ ಅವರನ್ನು ಮನೆಯವರನ್ನಾಗಿ ಮಾಡಿ. ಸೇಡಂನವರು, ಹುಮನಾಬಾದಿನವರು ಬಡಿಸಲಿ, ಬೆಂಗಳೂರಿನವರು ಉಣ್ಣಲಿ. ಗೋವಾಕ್ಕೆ ಹೋದರೆ 28 ಜನವೂ ಗಿರಾಕಿಗಳು. ಕಲಬುರಗಿಗೆ ಬಂದರೆ ನಿಮ್ಮ 17 ಜನ ಯಜಮಾನರು.

ಬರುವುದೂ ಈಗ ಕಷ್ಟವಲ್ಲ. ಬೆಂಗಳೂರಿನಿಂದ ರಾತ್ರಿ ರೈಲುಗಳು ಮೊದಲಿನಿಂದಲೂ ಇವೆ, 2024ರಿಂದ ವಂದೇ ಭಾರತ್ ಕೂಡ ಓಡುತ್ತಿದೆ. ಪುಣೆಯವರು ಸೊಲ್ಲಾಪುರದ ಮೇಲೆ ಬರುತ್ತಾರೆ. ಬೀದರ್–ಕಲಬುರಗಿ ರೈಲು ಮಾರ್ಗ 2017ರಲ್ಲಿ ತೆರೆದ ಮೇಲೆ ಬೀದರ್, ಹುಮನಾಬಾದಿನವರಿಗೂ ಅನುಕೂಲ. ಟಿಕೆಟ್ಟನ್ನು ಕಂಪನಿಯೇ ತೆಗೆದು ಕೈಗೆ ಕೊಡಲಿ. ದಾರಿ ಖರ್ಚಿಗೆ ಮುಂಚೆಯೇ ನಗದು ಹಾಕಿ, ‘ಬಿಲ್ಲು ಇಟ್ಟುಕೋ, ಆಮೇಲೆ ಕೊಡುತ್ತೇವೆ’ ಅನ್ನಬೇಡಿ. ತಿಂಗಳಿಗೆ 18 ಸಾವಿರ ತೆಗೆದುಕೊಳ್ಳುವವನಿಗೆ ಎರಡು ಸಾವಿರ ಕೈಯಿಂದ ಹೋದರೆ ಮನೆಯ ಸಂತೆ ಆ ವಾರ ತಪ್ಪುತ್ತದೆ. ಪ್ರಯಾಣದ ದಿನ ಕೆಲಸದ ದಿನ ಅಂತಲೇ ಹಿಡಿಯಿರಿ, ರಜೆ ಕಡಿಯಬೇಡಿ.

ಕಾಲ ಯಾವುದು ಅಂದರೆ, ನಾನಾದರೆ ಎಳ್ಳಮಾವಾಸ್ಯೆಯ ಆಸುಪಾಸು ಹಿಡಿಯುತ್ತೇನೆ. ಡಿಸೆಂಬರ್–ಜನವರಿಯಲ್ಲಿ ಬರುವ ಹಬ್ಬ. ನಮ್ಮ ಕಡೆ ಬಿಸಿಲು ತಗ್ಗಿರುತ್ತದೆ, ಹೊಲದಲ್ಲಿ ತೊಗರಿ, ಜೋಳ, ಕಡಲೆ ನಿಂತಿರುತ್ತವೆ. ನಿಮ್ಮ ಅಮೆರಿಕದ ಗ್ರಾಹಕರೂ ಕ್ರಿಸ್‌ಮಸ್ ಸುತ್ತ ತುಸು ನಿಧಾನಿಸುತ್ತಾರೆ.

ನನ್ನ ತವರು ಆಳಂದ ಕಡೆ. ಎಳ್ಳಮಾವಾಸ್ಯೆ ಅಂದರೆ ಮುಂಬಯಿಗೆ, ಪುಣೆಗೆ ದುಡಿಯಲು ಹೋದ ಕಾಕಾಗಳೆಲ್ಲ ಬರುತ್ತಿದ್ದರು. ಅವ್ವ ಹಿಂದಿನ ರಾತ್ರಿಯಿಂದಲೇ ಸಜ್ಜೆಯ ಕಡಬು, ಶೇಂಗಾ ಹೋಳಿಗೆ ಮಾಡಿಕೊಂಡು ಕೂರುವಳು. ಹಸಿ ತೊಗರಿ, ಅವರೆ, ಕಡಲೆ, ಮೆಂತೆ, ಪಾಲಕ ಎಲ್ಲ ಕೂಡಿಸಿ ಕಡಲೆಹಿಟ್ಟು ಹಚ್ಚಿ ಕುದಿಸಿದ ಭಜ್ಜಿ ಒಂದು ದೊಡ್ಡ ಪಾತ್ರೆ. ಬುತ್ತಿ ಹೊತ್ತು ಹೊಲಕ್ಕೆ ಹೋಗಿ, ಪೂಜೆ ಮಾಡಿ, ಹೊಲದ ತುಂಬ ಎಡೆ ಎರಚಿ ಚರಗ ಚೆಲ್ಲಿ, ಗಿಡದ ನೆರಳಿಗೆ ಕಂಬಳಿ ಹಾಸಿ ಕೂತರೆ ಅಲ್ಲಿ ಸಾಲು ನೋಡುವವರು ಯಾರೂ ಇರಲಿಲ್ಲ. ಕಳೆ ತೆಗೆಯಲು ಬರುತ್ತಿದ್ದ ಹೆಂಗಸರು, ಸಾಲಿ ಮಾಸ್ತರರು, ಪಕ್ಕದ ಹೊಲದ ಮುಸಲ್ಮಾನ ಮನೆಯವರು ಎಲ್ಲರೂ ಅದೇ ಕಂಬಳಿಯ ಮೇಲೆ. ಒಂದು ವರ್ಷ ನಮ್ಮಪ್ಪನಿಗೂ ದೊಡ್ಡ ಕಾಕಾನಿಗೂ ಬದುವಿನ ಮೇಲೆ ಮಾತು ನಿಂತುಹೋಗಿತ್ತು. ಕಾಕಾ ಮುಂಬಯಿಯಿಂದ ಹಾಕಿದ ಎರಡು ಕಾಗದಕ್ಕೆ ಅಪ್ಪ ಉತ್ತರ ಬರೆದಿರಲಿಲ್ಲ. ಹೊಲದಲ್ಲಿ ಕಾಕಾ ಎರಡನೇ ಸಲ ಭಜ್ಜಿ ಹಾಕಿಸಿಕೊಂಡು, ಅಪ್ಪನ ಕಡೆ ನೋಡದೆಯೇ, ‘ನಡಿ, ಬದು ನೋಡಿ ಬರೋಣು’ ಅಂದ. ಇಬ್ಬರೂ ಎದ್ದು ಹೋದರು, ಒಂದು ತಾಸಿಗೆ ವಾಪಸು ಬಂದರು, ಕಲ್ಲು ಎಲ್ಲಿ ನೆಡಬೇಕು ಅಂತ ಗೊತ್ತು ಮಾಡಿಕೊಂಡು. ಕಾಗದದಲ್ಲಿ ಆಗದ್ದು ಬದುವಿನ ಮೇಲೆ ನಿಂತಾಗ ಆಯಿತು.

ಆದರೆ ಒಂದು ಎಚ್ಚರ. ಅಮಾವಾಸ್ಯೆಯ ದಿನವೇ ಕಂಪನಿಯ ಕೂಟ ಇಡಬೇಡಿ. ಅದು ಅವರ ಮನೆಯ ದಿನ, ನಾವು ಕಸಿಯಬಾರದು. ಹಿಂದಿನ ಎರಡು ದಿನ ನಿಮ್ಮದಿರಲಿ. ಮೂರನೇ ದಿನ ಸೇಡಂನ ಹುಡುಗ ತನ್ನ ಹೊಲಕ್ಕೆ ಕರೆದರೆ ಮನಸ್ಸಿದ್ದವರು ಹೋಗಲಿ, ಇಲ್ಲದವರು ರೈಲು ಹತ್ತಲಿ. ಕರೆಯುವುದೂ ಹೋಗುವುದೂ ಅವರವರ ಇಷ್ಟಕ್ಕೆ ಇರಲಿ.

ಆ ಎರಡು ದಿನ ಏನು ಮಾಡಬೇಕು? ಮೊದಲ ದಿನ ಬೆಳಗ್ಗೆ ನಿಜವಾದ ಕೆಲಸ. ಇನ್ಶೂರೆನ್ಸ್ ಕಂಪನಿ ತಿರಸ್ಕರಿಸಿದ ಹದಿನೈದು ಕ್ಲೇಮುಗಳನ್ನು ಆರಿಸಿ ಮುದ್ರಿಸಿಟ್ಟುಕೊಳ್ಳಿ. ಒಬ್ಬ ಕೋಡರ್, ಒಬ್ಬ ಫೋನಿನವನು ಜೋಡಿಯಾಗಿ ಕೂತು, ಇದು ಯಾಕೆ ಬಿತ್ತು ಅಂತ ನೋಡಲಿ. ಅಮೆರಿಕದಲ್ಲಿ ರೋಗಿಯ ವಿವರ ಕಾಪಾಡುವ ಹಿಪಾ ಕಾನೂನು 1996ರಿಂದ ಇದೆ, ನಿಮ್ಮ ಕರಾರಿನಲ್ಲೂ ಅದು ಇದ್ದೇ ಇರುತ್ತದೆ. ಆದ್ದರಿಂದ ಹೆಸರು, ಹುಟ್ಟಿದ ದಿನ, ವಿಳಾಸ, ಪಾಲಿಸಿ ನಂಬರು, ಯಾರದ್ದೆಂದು ಗುರುತು ಹತ್ತುವ ಯಾವುದೂ ಕಾಗದದ ಮೇಲೆ ಇರಬಾರದು, ಮುಗಿದ ಮೇಲೆ ಆ ಕಾಗದ ಹರಿದುಹಾಕಬೇಕು. ತಾನು ಹಾಕಿದ ಒಂದು ಕೋಡಿನಿಂದ ಫೋನಿನವನು ಎಷ್ಟು ಹೊತ್ತು ಫೋನ್ ಹಿಡಿದು ಕಾಯುತ್ತಾನೆ ಅಂತ ಕೋಡರ್ ಕಣ್ಣಾರೆ ಕಾಣಬೇಕು. ಟಿಪ್ಪಣಿಯಲ್ಲಿ ತಾನು ಒಂದು ಪದ ಬಿಟ್ಟರೆ ಕೋಡರ್‌ಗೆ ಏನು ತೊಂದರೆ ಅಂತ ಫೋನಿನವನಿಗೂ ತಿಳಿಯಬೇಕು. ನಿಮ್ಮ ಚಾಟ್ ಜಗಳದ ಅರ್ಧಭಾಗ ಅಲ್ಲೇ ಮುಗಿಯುತ್ತದೆ ಅಂತ ನನ್ನ ನಂಬಿಕೆ.

ಮಧ್ಯಾಹ್ನ ಊಟ ಉದ್ದವಾಗಿರಲಿ, ಕನಿಷ್ಠ ಎರಡು ತಾಸು. ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ ಒಂದು ಕಡೆ, ಬೇಕಾದವರಿಗೆ ತಹರಿ ಇನ್ನೊಂದು ಕಡೆ. ಸಂಜೆ ಕೋಟೆಯ ಕಡೆ ನಡೆದು ಹೋಗಿ. ಒಳಗಿನ ಜಾಮಿ ಮಸೀದಿ 1367ರದ್ದು, ಅಂಗಳವೇ ಇಲ್ಲದೆ ಪೂರ್ತಿ ಮೇಲ್ಛಾವಣಿ ಹೊತ್ತ ಅಪರೂಪದ ಕಟ್ಟಡ. ಊರು ತೋರಿಸುವ ಕೆಲಸ ಕಲಬುರಗಿಯವರಿಗೇ ಬಿಡಿ, ಬಾಡಿಗೆ ಗೈಡ್ ಬೇಡ. ಎರಡನೇ ದಿನ ಬೆಳಗ್ಗೆ ನೀವು ಮತ್ತು ಪಾಲುದಾರರು ಲಾಭ ನಷ್ಟ ಮುಚ್ಚಿಡದೆ ಹೇಳಿ, ಕೇಳಿದ್ದಕ್ಕೆಲ್ಲ ಉತ್ತರ ಕೊಡಿ. ಮಧ್ಯಾಹ್ನದ ಮೇಲೆ ಏನೂ ಇಡಬೇಡಿ. ಭಾಷಣಕಾರರನ್ನು ಕರೆಸುವ ಆಲೋಚನೆ ಇದ್ದರೆ ಆ ಹಣದಲ್ಲಿ ಒಂದೊಂದು ಕೋಣೆಗೆ ಇಬ್ಬರಿಗಿಂತ ಹೆಚ್ಚು ಜನ ಮಲಗದಂತೆ ನೋಡಿಕೊಳ್ಳಿ.

ಪ್ರಶ್ನೆ: ಮೇಡಂ, ನಾನು ಶಹಾಪುರದವಳು, ಬೆಂಗಳೂರಿನ ಕಂಪನಿಗೆ ಮನೆಯಿಂದ ಟೆಸ್ಟಿಂಗ್ ಕೆಲಸ ಮಾಡುತ್ತೇನೆ. ಮಗಳಿಗೆ ಎರಡು ವರ್ಷ. ವರ್ಷಕ್ಕೊಮ್ಮೆ ಮೂರು ದಿನ ಎಲ್ಲರನ್ನೂ ಕರೆಯುತ್ತಾರೆ. ಅತ್ತೆಯವರು ರಾತ್ರಿ ಹೊರಗೆ ಉಳಿಯೋದು ಬೇಡ ಅಂದರು, ಹೋದ ವರ್ಷ ಹೋಗಲಿಲ್ಲ. ಆಮೇಲೆ ಹೊಸ ಪ್ರಾಜೆಕ್ಟು ಹೋದವರಿಗೇ ಸಿಕ್ಕಿತು. ‘ನಿನಗೆ ಆಸಕ್ತಿ ಇಲ್ಲ’ ಅಂತ ಮ್ಯಾನೇಜರ್ ಅಂದರು. ಈ ವರ್ಷ ಮತ್ತೆ ಕರೆ ಬಂದಿದೆ.
— ಓದುಗಿ, ಶಹಾಪುರ

ಉತ್ತರ: ತಂಗೀ, ನಿನ್ನ ಪತ್ರ ಓದಿ ನನಗೆ ಸಂಕಟವಾಯಿತು. ಬಂದವರಿಗೆ ಪ್ರಾಜೆಕ್ಟು, ಬಾರದವರಿಗೆ ‘ಆಸಕ್ತಿ ಇಲ್ಲ’ ಅನ್ನುವ ಹೆಸರು. ಇದು ಅನ್ಯಾಯ. ಅದನ್ನು ಮ್ಯಾನೇಜರಿಗೆ ಬರವಣಿಗೆಯಲ್ಲೇ ಹೇಳು, ಸಿಟ್ಟಿಲ್ಲದೆ, ತಾರೀಕು ಸಮೇತ: ಇಂಥ ಕಾರಣಕ್ಕೆ ಬರಲಾಗಲಿಲ್ಲ, ಈ ಕೆಲಸ ನಾನು ಮಾಡಬಲ್ಲೆ, ಮುಂದಿನ ಹಂಚಿಕೆಯಲ್ಲಿ ನನ್ನನ್ನೂ ನೋಡಿ.

ಅದೇ ಪತ್ರದಲ್ಲಿ ಕೇಳು. ಮಗುವನ್ನೂ ಮಗು ನೋಡಿಕೊಳ್ಳಲು ಮನೆಯವರೊಬ್ಬರನ್ನೂ ಕರೆತರಬಹುದೇ, ಅವರ ಖರ್ಚು ಯಾರದ್ದು? ಪ್ರತ್ಯೇಕ ಕೋಣೆ ಸಿಗುತ್ತದೆಯೇ? ಕೆಲಸದ ಮಾತೆಲ್ಲ ಹಗಲಿನಲ್ಲೇ ಮುಗಿಯುತ್ತದೆಯೇ? ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿಯವರು ಯಾರು, ಅಲ್ಲಿಗೆ ಬರುತ್ತಾರೆಯೇ? ಈ ಕೊನೆಯದು ಭಾಳ ಮುಖ್ಯ. ಕೆಲಸದ ಸ್ಥಳದಲ್ಲಿ ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಕೆಲಸದ ಸ್ಥಳ ಅಂದರೆ ಆಫೀಸೊಂದೇ ಅಲ್ಲ. ಕೆಲಸದ ನಿಮಿತ್ತ ನೀನು ಹೋಗುವ ಜಾಗ, ಕಂಪನಿ ಕಳಿಸುವ ಗಾಡಿ ಕೂಡ ಅದರೊಳಗೆ ಬರುತ್ತವೆ. ಹತ್ತು ಅಥವಾ ಹೆಚ್ಚು ಜನ ಇರುವ ಕಡೆ ಆ ಸಮಿತಿ ಇರಲೇಬೇಕು. ರೆಸಾರ್ಟಿನಲ್ಲಿ ರಾತ್ರಿ ಹತ್ತಕ್ಕೆ ನಡೆದದ್ದೂ ಅದರ ವ್ಯಾಪ್ತಿಯದ್ದೇ.

ಅತ್ತೆಯವರ ಜೊತೆ ವಾದ ಬೇಡ. ಅವರ ಭಯ ಅವರು ಕಂಡ ಲೋಕದಿಂದ ಬಂದದ್ದು. ಕಂಪನಿಯ ಉತ್ತರ ಬಂದ ಮೇಲೆ ಅದನ್ನು ಓದಿ ಹೇಳು, ‘ಅತ್ತೀ, ನೀವೇ ಬರ್ರಿ, ಕೂಸಿನ್ನ ನೀವೇ ನೋಡಿಕೊಳ್ರಿ’ ಅಂತ ಕರೆ. ಯಾದಗಿರಿಯಲ್ಲಿ ಕೂತರೆ ಬೆಂಗಳೂರಿಗೆ ನೇರ ರೈಲು. ಒಮ್ಮೆ ನಿನ್ನ ಸಹೋದ್ಯೋಗಿಗಳ ಮುಖ ನೋಡಿದರೆ, ನೀನು ಬಾಗಿಲು ಹಾಕಿಕೊಂಡು ಯಾರ ಜೊತೆ ಮಾತಾಡುತ್ತೀ ಅನ್ನುವುದು ಅತ್ತೆಯವರಿಗೂ ತಿಳಿಯುತ್ತದೆ. ಇಷ್ಟಾಗಿಯೂ ಆಗದಿದ್ದರೆ ಒಂದು ಹಗಲಿನ ಮಟ್ಟಿಗೆ ಮಾತ್ರ ಸೇರಲು, ಇಲ್ಲವೇ ಮುಖ್ಯ ಮಾತುಕತೆಗೆ ವಿಡಿಯೊದಲ್ಲಿ ಸೇರಲು ಅವಕಾಶ ಕೇಳು. ಅದನ್ನು ಕೊಡದ ಕಂಪನಿ ಕರೆದದ್ದು ಬರೀ ಹೆಸರಿಗೆ.

ಪ್ರಶ್ನೆ: ಹೋದ ತಿಂಗಳು ನಮ್ಮ ಕಂಪನಿಯವರೆಲ್ಲ ಬೀದರಿಗೇ ಬಂದಿದ್ದರು. ಕೋಟೆ ನೋಡಿದೆವು, ಬಿದರಿ ಕೆಲಸ ಮಾಡುವ ಕಡೆಯೂ ಹೋದೆವು, ಎಲ್ಲರಿಗೂ ಖುಷಿ. ಹದಿನೈದು ದಿನಕ್ಕೆ ಮತ್ತೆ ಮೊದಲಿನ ಹಾಗೇ ಮೌನ. ಎಲ್ಲಿ ತಪ್ಪಿತು?
— ತಂಡದ ಮುಖ್ಯಸ್ಥ, ಬೀದರ್

ಉತ್ತರ: ಆ ಬಿದರಿ ಕೆಲಸದ ಕಡೆಯಲ್ಲಿ ನೀವು ಏನು ನೋಡಿದಿರಿ ನೆನಪಿಸಿಕೊಳ್ಳಿ. ಸತು, ತಾಮ್ರದ ಎರಕ ಹೊಯ್ಯುವವರು ಒಬ್ಬರು, ಕೆತ್ತುವವರು ಒಬ್ಬರು, ಬೆಳ್ಳಿ ತಂತಿ ಕೂರಿಸುವವರು ಇನ್ನೊಬ್ಬರು. ಗೀರು ಆಳ ಸಾಲದಿದ್ದರೆ ತಂತಿ ನಿಲ್ಲುವುದಿಲ್ಲ. ಕೋಟೆಯ ಮಣ್ಣು ಹಚ್ಚಿ ಕಪ್ಪು ಬರಿಸುವುದು ಎಲ್ಲ ಆದ ಮೇಲೆ. ನೀವು ಸೇರಿದ್ದ ದಿನಗಳಲ್ಲಿ ಒಬ್ಬರ ಕೆಲಸ ಇನ್ನೊಬ್ಬರ ಕೈಗೆ ಹೋಗುವ ಜಾಗದ ಒಂದಾದರೂ ತೊಡಕು ಬಿಡಿಸಿದಿರಾ? ಪತ್ರದಲ್ಲಿ ಅದರ ಸುದ್ದಿ ಇಲ್ಲ.

ಈಗಲೂ ತಡವಾಗಿಲ್ಲ. ಆಗ ಎಲ್ಲರ ಬಾಯಲ್ಲೂ ಬಂದ ಒಂದು ದೂರನ್ನು ಹಿಡಿದು, ಅದನ್ನು ಸರಿಮಾಡಿ, ಸರಿಮಾಡಿದ್ದೇವೆ ಅಂತ ಎಲ್ಲರಿಗೂ ತಿಳಿಸಿ. ಮತ್ತೆ, ಇಡೀ ಕಂಪನಿ ವರ್ಷಕ್ಕೊಮ್ಮೆ ಸೇರಲಿ, ಆದರೆ ಬೀದರ್ ಸುತ್ತಮುತ್ತ ಇರುವ ನಾಲ್ಕಾರು ಜನ ತಿಂಗಳಿಗೊಂದು ಅರ್ಧ ದಿನ ಒಟ್ಟಿಗೆ ಕೂತು ಕೆಲಸ ಮಾಡಿ. ಹೊಸದಾಗಿ ಸೇರಿದವರು ಮೊದಲ ತಿಂಗಳಲ್ಲೇ ಈ ಕೂಟಕ್ಕೆ ಬರಲಿ, ವಾರ್ಷಿಕ ಸಮಾವೇಶದ ತನಕ ಕಾಯಿಸಬೇಡಿ. ಚಹಾ ಮತ್ತು ಪ್ರಯಾಣದ ಖರ್ಚು ಕಂಪನಿಯದ್ದೇ ಅಂತ ಮೇಲಿನವರಿಂದ ಒಪ್ಪಿಗೆ ತೆಗೆದುಕೊಂಡು, ಮೊದಲ ತಾರೀಕು ಈ ವಾರವೇ ಗೊತ್ತು ಮಾಡಿ. ಭಾಲ್ಕಿ, ಹುಮನಾಬಾದಿನಲ್ಲಿ ನಿಮ್ಮವರಿದ್ದರೆ ಅವರಿಗೂ ಹೇಳಿ, ರೈಲಿನ ಹೊತ್ತು ನೋಡಿಕೊಂಡು ಕೂಟದ ಹೊತ್ತು ಇಡಿ.