ಟೊಮೆಟೊ ಲೋಡಿಗೆ ಇಂಟ್ರಾನಾ, ಬೊಲೆರೋನಾ, ಬಡಾ ದೋಸ್ತಾ?

ಅಣ್ಣ, ನೀವು ಕೇಳಿದ್ದು ಇಷ್ಟು. ಶ್ರೀನಿವಾಸಪುರದ ಹತ್ತಿರ ತೋಟ, ಒಂದು ಕೊಯ್ಲಿಗೆ 80-90 ಬಾಕ್ಸ್ ಟೊಮೆಟೊ, ಹೆಚ್ಚಾಗಿ ಕೋಲಾರ ಮಂಡಿಗೆ, ರೇಟು ಬಿದ್ದಾಗ ಮದನಪಲ್ಲಿಗೆ. ಮಾವಿನ ಸೀಸನ್ನಲ್ಲಿ ಬಾಡಿಗೆ. ಟಾಟಾ ಇಂಟ್ರಾ ವಿ50, ಮಹೀಂದ್ರಾ ಬೊಲೆರೋ ಪಿಕಪ್ 1.7, ಅಶೋಕ್ ಲೇಲ್ಯಾಂಡ್ ಬಡಾ ದೋಸ್ತ್ ಐ4, ಈ ಮೂರರಲ್ಲಿ ಯಾವುದು? ಜೊತೆಗೆ ತಮ್ಮನ ಹತ್ತಿರ ಕಾರಿನ ಲೈಸೆನ್ಸ್ ಮಾತ್ರ ಇದೆ, ಅವನು ಓಡಿಸಬಹುದಾ ಅಂತ.

ಮೇಲಿನ ಕಾಮೆಂಟ್‌ಗಳಲ್ಲಿ ಎಲ್ಲರೂ ಎಚ್‌ಪಿ (ಇಂಜಿನ್ ಶಕ್ತಿ), ಟಾರ್ಕ್ (ಎಳೆಯುವ ಬಲ) ಅಂತ ಜಗಳ ಆಡ್ತಿದ್ದಾರೆ. ಅದನ್ನು ಸ್ವಲ್ಪ ಪಕ್ಕಕ್ಕಿಡಿ. ಮೊದಲು ಬಾಕ್ಸ್ ಲೆಕ್ಕ ಮಾಡೋಣ.

ಒಂದು ಬಾಕ್ಸ್‌ಗೆ 15 ಕೆಜಿ ಹಣ್ಣು. ಖಾಲಿ ಬಾಕ್ಸೇ ಒಂದೂವರೆಯಿಂದ ಎರಡು ಕೆಜಿ ಬರುತ್ತದೆ, ಇದನ್ನು ಯಾರೂ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಹಾಗಾಗಿ ಬಾಕ್ಸಿಗೆ 17 ಕೆಜಿ ಅಂತ ಇಟ್ಟುಕೊಳ್ಳಿ. ವಿ50 ಲೋಡ್ 1500 ಕೆಜಿ, ಅಂದರೆ 88 ಬಾಕ್ಸ್. ಬೊಲೆರೋ 1.7 ಅಂದರೆ 1700 ಕೆಜಿ, ಸರಿಯಾಗಿ 100. ಬಡಾ ದೋಸ್ತ್ ಐ4 ಲೋಡ್ 1860 ಕೆಜಿ, ಅದು 109. ಇದರಲ್ಲಿ ಇನ್ನೂ ಕಳೆಯುವುದಿದೆ. ಬಾಡಿ ಮೇಲೆ ಕಬ್ಬಿಣದ ಆಂಗಲ್ ಹಾಕಿಸಿ ಎತ್ತರ ಮಾಡಿಸ್ತೀರಿ ಅಲ್ವಾ, ಅದೇ ನೂರು ಕೆಜಿ ಸುಲಭವಾಗಿ ತಿನ್ನುತ್ತದೆ. ಗಾಡಿ ಜೊತೆ ಲೋಡಿಂಗ್‌ಗೆ ಇಬ್ಬರು ಹುಡುಗರು ಬಂದರೆ ಅವರ ತೂಕವೂ ಸೇರುತ್ತದೆ.

ಅಂದರೆ ವಿ50 ನಿಮ್ಮ ಈಗಿನ ಲೋಡಿಗೆ ಅಳತೆ ಮಾಡಿ ಹೊಲಿದ ಅಂಗಿ ಥರ. ಉಸಿರಾಡಲು ಜಾಗ ಇಲ್ಲ. ನೀವು ಗಾಡಿ ತಗೊಂಡ ಮೇಲೆ ಪಕ್ಕದ ತೋಟದವರು "ನಮ್ಮದೂ ಇಪ್ಪತ್ತು ಬಾಕ್ಸ್ ಹಾಕ್ಕೊಂಡು ಹೋಗಿ ಅಣ್ಣ" ಅನ್ನದೆ ಇರ್ತಾರಾ? ಇಲ್ಲ ಅನ್ನಲು ಬಾಯಿ ಬರುತ್ತಾ? ಬಾಡಿಗೆಯೂ ಸಿಗುತ್ತದೆ. ಅಲ್ಲಿಗೆ 110 ಆಯಿತು. ಓವರ್‌ಲೋಡ್‌ಗೆ ಮೋಟಾರು ವಾಹನ ಕಾಯ್ದೆಯಲ್ಲಿ 20,000 ರೂಪಾಯಿ ದಂಡ, ಹೆಚ್ಚುವರಿ ಪ್ರತಿ ಟನ್ನಿಗೆ ಮತ್ತೆ 2,000. "ಎಲ್ಲರೂ ಹಾಕ್ತಾರೆ, ಇನ್ನೆರಡು ಪ್ಲೇಟು ಹಾಕಿಸಿದರೆ ಆಯಿತು" ಅಂತ ಮೇಲೆ ಒಬ್ಬರು ಬರೆದಿದ್ದಾರೆ. ಸ್ಪ್ರಿಂಗ್ ಪ್ಲೇಟು ಜಾಸ್ತಿ ಮಾಡಿದರೆ ಗಾಡಿ ಹಿಂದೆ ಕೂರುವುದಿಲ್ಲ ಅಷ್ಟೇ. ಬ್ರೇಕು, ಟೈರು, ಆಕ್ಸಲ್ ಹಳೆಯವೇ ಅಲ್ವಾ? ಪಲಮನೇರು ದಾಟಿ ಚಿತ್ತೂರು ಕಡೆ ಹೋಗುವವರಿಗೆ ಗೊತ್ತು, ಮೊಗಿಲಿ ಘಾಟ್‌ನಲ್ಲಿ ಲೋಡ್ ತುಂಬಿದ ಗಾಡಿ ಇಳಿಯುತ್ತದೆ, ಖಾಲಿ ಗಾಡಿ ಹತ್ತುತ್ತದೆ. ಅಲ್ಲಿ ಪರೀಕ್ಷೆ ಆಗುವುದು ಇಂಜಿನ್ ಅಲ್ಲ, ಬ್ರೇಕು.

ಆದರೆ ವಿ50 ಪರವಾಗಿ ಒಂದು ದೊಡ್ಡ ಪಾಯಿಂಟ್ ಇದೆ, ಇಲ್ಲಿ ಯಾರೂ ಅದನ್ನು ಹೇಳಲಿಲ್ಲ. ಲೋಡ್ ಸೇರಿ ಒಟ್ಟು ತೂಕ, ಅಂದರೆ ಆರ್‌ಸಿಯಲ್ಲಿ ಬರೆದ ಜಿವಿಡಬ್ಲ್ಯು, 3000 ಕೆಜಿ ದಾಟದ ಗೂಡ್ಸ್ ಗಾಡಿಗೆ ಪರ್ಮಿಟ್ ಬೇಕಿಲ್ಲ. ವಿ50 ಇದರೊಳಗೇ ಬರುತ್ತದೆ. ಬಡಾ ದೋಸ್ತ್ ಐ4 ಮೂರೂವರೆ ಟನ್ ಹತ್ತಿರ, ಬೊಲೆರೋ 1.7 ಕೂಡ ಮೂರು ಟನ್ ದಾಟುತ್ತದೆ. ಮದನಪಲ್ಲಿ ಆಂಧ್ರ, ಹಾಗಾಗಿ ಈ ಎರಡಕ್ಕೂ ಪರ್ಮಿಟ್ ವಿಷಯ ಮೊದಲೇ ಸರಿ ಮಾಡಿಕೊಳ್ಳಬೇಕು. ಆಂಧ್ರದ ತೆರಿಗೆ ವಿಚಾರ ಮಾತ್ರ ಯಾವ ಗಾಡಿ ಆದರೂ ಆರ್‌ಟಿಒದಲ್ಲಿ ಕೇಳಿಕೊಂಡೇ ಹೋಗಿ. ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮೂರಕ್ಕೂ ಒಂದೇ, 8 ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕೂಡ 7500 ಕೆಜಿವರೆಗೆ ಒಂದೇ ಸ್ಲ್ಯಾಬ್, ಹಾಗಾಗಿ ಅದರಲ್ಲೂ ವ್ಯತ್ಯಾಸ ಇಲ್ಲ.

ತಮ್ಮ ಧಾರಾಳವಾಗಿ ಓಡಿಸಬಹುದು. 7500 ಕೆಜಿಗಿಂತ ಕಡಿಮೆ ಜಿವಿಡಬ್ಲ್ಯು ಇರುವ ಗೂಡ್ಸ್ ಗಾಡಿಗೆ ಎಲ್‌ಎಂವಿ ಲೈಸೆನ್ಸೇ (ಅದೇ ಕಾರಿನ ಲೈಸೆನ್ಸ್) ಸಾಕು, ಬೇರೆ ಬ್ಯಾಡ್ಜ್ ಬೇಕಿಲ್ಲ ಅಂತ ಸುಪ್ರೀಂ ಕೋರ್ಟ್‌ನ ಐದು ಜಡ್ಜ್‌ಗಳ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ. ಇನ್ಶೂರೆನ್ಸ್‌ನವರು ಇದೇ ಕಾರಣ ಕೊಟ್ಟು ಕ್ಲೇಮ್ ತಳ್ಳಿಹಾಕ್ತಿದ್ದರು, ಹಾಗಾಗಿ ಗೊತ್ತಿರಲಿ.

ಈಗ ಇಂಜಿನ್. ಕಾಗದದ ಮೇಲೆ ವಿ50 ಮುಂದೆ, 1.5 ಲೀಟರ್ ಇಂಜಿನ್, ಟಾರ್ಕ್ 220 ಎನ್‌ಎಂ. ಬಡಾ ದೋಸ್ತ್ ಕೂಡ 1.5 ಲೀಟರೇ, ಮೂರು ಸಿಲಿಂಡರ್, 190 ಎನ್‌ಎಂ. ಬೊಲೆರೋ 2.5 ಲೀಟರ್, ಟಾರ್ಕ್ ಸುಮಾರು 200. ಆದರೆ ಮಳೆ ಬಿದ್ದ ಮೇಲೆ ತೋಟದಿಂದ ಲೋಡ್ ಹಾಕಿಕೊಂಡು ಕ್ಲಚ್ ಬಿಟ್ಟು ನೋಡಿ, ಆಗ ಕಾಣುವುದು ಬೇರೆ. ದೊಡ್ಡ ಇಂಜಿನ್ ರೇಸ್ ಕೊಡದೆಯೇ ನಿಧಾನಕ್ಕೆ ಎಳೆದುಕೊಂಡು ಬರುತ್ತದೆ. ಸಣ್ಣ ಇಂಜಿನ್‌ಗೆ ರೇಸ್ ಬೇಕು, ರೇಸ್ ಕೊಟ್ಟರೆ ಕೆಂಪು ಮಣ್ಣಿನ ಕೆಸರಲ್ಲಿ ಹಿಂದಿನ ಚಕ್ರ ಸುಮ್ನೆ ತಿರುಗುತ್ತದೆ, ಜೊತೆಗೆ ಕ್ಲಚ್ ಪ್ಲೇಟ್ ವಾಸನೆ. ಟಾರ್ ರೋಡಲ್ಲಿ ಮಾತ್ರ ಈ ಲಾಭ ಏನೂ ಇಲ್ಲ. ನಾಲ್ಕು ಪಥದಲ್ಲಿ ಬೆಂಗಳೂರಿಗೆ ಹೋಗಿಬರುವವರಿಗೆ ಬಡಾ ದೋಸ್ತ್ ಆರಾಮ, ಕ್ಯಾಬಿನ್ ವಿಶಾಲ, ಗೇರ್ ಡ್ಯಾಶ್‌ಬೋರ್ಡಲ್ಲೇ ಇರುವುದರಿಂದ ಮೂರನೆಯವರ ಕಾಲಿಗೂ ಜಾಗ ಇದೆ. ಇಂಟ್ರಾ, ಬಡಾ ದೋಸ್ತ್ ಎರಡರಲ್ಲೂ ಇಂಜಿನ್ ಸೀಟಿನ ಕೆಳಗೆ. ಬೊಲೆರೋದಲ್ಲಿ ಬಾನೆಟ್ ಎತ್ತಿದರೆ ಎದುರಿಗೇ, ಬೆಲ್ಟ್ ಹೋಯಿತು, ಹೋಸ್ ಹೋಯಿತು ಅಂದರೆ ಊರ ಮೆಕ್ಯಾನಿಕ್ಕೇ ನಿಂತ ಜಾಗದಲ್ಲಿ ನೋಡ್ತಾನೆ.

ಹಾಗಂತ ಹಳೇ ಬೊಲೆರೋ ಥರ ಸುತ್ತಿಗೆ, ಸ್ಪ್ಯಾನರ್‌ನಲ್ಲಿ ಎಲ್ಲ ಮುಗಿಯುತ್ತದೆ ಅಂದುಕೊಳ್ಳಬೇಡಿ. ಈಗ ಎಲ್ಲ ಬಿಎಸ್6 (ಹೊಸ ಹೊಗೆ ನಿಯಮದ ಇಂಜಿನ್), ಸೆನ್ಸರ್ ಹೋದರೆ ಸ್ಕ್ಯಾನರ್ ಬೇಕೇ ಬೇಕು. ತೋಟದಿಂದ ಊರಿಗೆ ಎರಡೆರಡು ಕಿಲೋಮೀಟರ್ ಓಡಿಸಿ ಆಫ್ ಮಾಡ್ತಾ ಇದ್ದರೆ ಡಿಪಿಎಫ್‌ನಲ್ಲಿ, ಅಂದರೆ ಹೊಗೆ ಸೋಸುವ ಫಿಲ್ಟರ್‌ನಲ್ಲಿ, ಮಸಿ ತುಂಬುತ್ತದೆ. ಅದರ ಲೈಟ್ ಬಂದಾಗ ಒಂದು ಸಲ ಹೈವೇಗೆ ಬಿಟ್ಟು ಒಂದೇ ಸಮನೆ ಓಡಿಸಿ. "ನಾಳೆ ನೋಡೋಣ" ಅಂದರೆ ಗಾಡಿ ಎಳೆಯುವ ಶಕ್ತಿ ಕಳೆದುಕೊಂಡು ಸರ್ವೀಸ್ ಸೆಂಟರಲ್ಲಿ ಕೂರುತ್ತದೆ, ಇತ್ತ ಹಣ್ಣು ಕೊಯ್ದು ಇಟ್ಟಿರುತ್ತೀರಿ. ಅದಕ್ಕೇ ಹೇಳುವುದು, ಶೋರೂಮಲ್ಲಿ ಸೇಲ್ಸ್ ಹುಡುಗನ ಹತ್ತಿರ ಮಾತಾಡಿದ್ದು ಸಾಕು, ಹಿಂದೆ ವರ್ಕ್‌ಶಾಪಿಗೆ ಹೋಗಿ. ನಿಂತಿರುವ ಗಾಡಿಗಳ ಡ್ರೈವರ್‌ಗಳನ್ನು "ಎಷ್ಟು ದಿನ ಆಯ್ತು ಬಿಟ್ಟು, ಏನು ಪಾರ್ಟ್ ಬರಬೇಕು" ಅಂತ ಕೇಳಿ. ಡಿಇಎಫ್ (ಹೊಗೆ ಶುದ್ಧ ಮಾಡಲು ಹಾಕುವ ಯೂರಿಯಾ ದ್ರವ) ಹಾಕಬೇಕಾ ಅನ್ನುವುದನ್ನೂ ನೀವು ತಗೊಳ್ಳುವ ಮಾಡೆಲ್‌ಗೇ ಕೇಳಿ ತಿಳಿದುಕೊಳ್ಳಿ.

ಮೈಲೇಜ್ ಬಗ್ಗೆ ಯಾರ ಮಾತೂ ನಂಬಬೇಡಿ, ನನ್ನದೂ ಸೇರಿ. ವರ್ಷಕ್ಕೆ 30,000 ಕಿ.ಮೀ. ಓಡಿಸಿದರೆ ಲೀಟರಿಗೆ 12 ಕಿ.ಮೀ.ಗೂ 14 ಕಿ.ಮೀ.ಗೂ ವ್ಯತ್ಯಾಸ ಸುಮಾರು 357 ಲೀಟರ್, ಲೀಟರ್ 90 ರೂಪಾಯಿ ಅಂದರೂ 32,000. ಕಮ್ಮಿ ದುಡ್ಡೇನಲ್ಲ, ಆದರೆ ಒಂದು ವಾರ ಗಾಡಿ ನಿಂತರೆ ಸೀಸನ್ನಲ್ಲಿ ಅದಕ್ಕಿಂತ ಜಾಸ್ತಿ ಹೋಗುತ್ತದೆ.

ನಾನಾದರೆ ಬೊಲೆರೋ 1.7. ನಮ್ಮ ಮನೆಯಲ್ಲಿ ಇರುವುದೂ ಅದೇ, ಸ್ವಲ್ಪ ಪಕ್ಷಪಾತ ಅಂತಲೇ ಇಟ್ಟುಕೊಳ್ಳಿ. ಒಳಗಡೆ ಸದ್ದು ಜಾಸ್ತಿ, ಖಾಲಿ ಹೋಗುವಾಗ ಹಿಂದೆ ಕುಣಿಯುತ್ತದೆ, ಕಾರಿನ ಸುಖ ಹುಡುಕಬೇಡಿ. ಆದರೆ ನಮ್ಮ ಕಡೆ ಮಾರಲು ಹೊರಟರೆ ಮೊದಲು ಫೋನ್ ಬರುವುದು ಅದಕ್ಕೇ. ಪಕ್ಕದವರ ಬಾಕ್ಸ್ ಹಾಕಲ್ಲ, ಪರ್ಮಿಟ್ ತಲೆನೋವು ಬೇಡ, ತೋಟದವರೆಗೂ ಒಳ್ಳೆ ರೋಡ್ ಇದೆ ಅಂದರೆ ಮಾತ್ರ ವಿ50, ಆಗ ಅದೇ ಸರಿ.

ರೇಟ್ ಕೇಳುವಾಗ ಹಳೆಯ ವಿಡಿಯೋ ನೋಡಿಕೊಂಡು ಹೋಗಬೇಡಿ. 2025ರ ಸೆಪ್ಟೆಂಬರ್ 22ರಿಂದ ಗೂಡ್ಸ್ ಗಾಡಿಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಹೋಗುವಾಗ ಒಂದು ಖಾಲಿ ಬಾಕ್ಸ್ ಮತ್ತು ಟೇಪ್ ತಗೊಂಡು ಹೋಗಿ, ಬಾಡಿಯಲ್ಲಿ ಅಡ್ಡ ಎಷ್ಟು, ಉದ್ದ ಎಷ್ಟು ಕೂರುತ್ತದೆ ನೋಡಿ. ಬಾಕ್ಸ್ 54 ಸೆಂ.ಮೀ. ಉದ್ದ ಇದ್ದರೆ ವಿ50ಯ 162 ಸೆಂ.ಮೀ. ಅಗಲದಲ್ಲಿ ಮೂರು ಬಾಕ್ಸ್ ಬೆರಳು ತೂರದಷ್ಟು ಬಿಗಿ, ಬಡಾ ದೋಸ್ತ್‌ನ 175ರಲ್ಲಿ ಸಲೀಸು. ಮತ್ತೆ ತೋಟದಿಂದ ಟಾರ್ ರೋಡಿನವರೆಗೆ ದಾರಿ ಹೇಗಿದೆ ಅಂತ ನೀವು ಬರೆದೇ ಇಲ್ಲ. ಒಂದು ಫೋಟೋ ಹಾಕಿ, ನೋಡಿ ಹೇಳ್ತೀನಿ.