ಓದುಗರ ಪ್ರಶ್ನೆ: ಗಾಲ್ಫ್ ಹಾಸು ಹಿತ್ತಲಿಗಾ, ಹಾಲ್‌ಗಾ?

ಪ್ರಶ್ನೆ: ನನ್ನ ಮಗಳಿಗೆ 13 ವರ್ಷ. ಬೆಂಗಳೂರಿನಲ್ಲಿರುವ ನನ್ನ ತಮ್ಮ ಗಾಲ್ಫ್ ಆಡುತ್ತಾನೆ. ಎರಡು ಬೇಸಿಗೆ ರಜೆ ಮಾವನ ಜೊತೆ ಹೋಗಿ ಇವಳಿಗೂ ಆಟದ ಹುಚ್ಚು ಹಿಡಿದಿದೆ. ಶಾಲೆ ಶುರುವಾದರೆ ಬೆಂಗಳೂರಿಗೆ ಓಡಾಡಲು ಆಗುವುದಿಲ್ಲ. ಮನೆಯಲ್ಲೇ ಅಭ್ಯಾಸಕ್ಕೆ ಪಟ್ಟಿಂಗ್ ಗ್ರೀನ್ ಬೇಕಂತೆ, ಅಂದರೆ ಚೆಂಡನ್ನು ಮೆಲ್ಲಗೆ ಉರುಳಿಸಿ ಕುಳಿಗೆ ಹಾಕುವ ನುಣುಪು ಹುಲ್ಲುಹಾಸು. ಹಿತ್ತಲಲ್ಲಿ 12 ಅಡಿಗೆ 20 ಅಡಿ ಜಾಗ ಇದೆ. ನಾಲ್ಕು ಇಂಚು ಮರಳು ಹಾಕಿ ಕೃತಕ ಹುಲ್ಲು ಹಾಸಿಕೊಡಲು ಒಬ್ಬರು 60 ಸಾವಿರ ಕೇಳಿದ್ದಾರೆ. ತಮ್ಮ ಮಾತ್ರ, ಚೆಂಡು ತಾನೇ ವಾಪಸ್ ಬರುವ ಮ್ಯಾಟ್ ತಗೋ ಸಾಕು ಅಂತಾನೆ. ನಮ್ಮ ಹಾಲ್ 18 ಅಡಿ ಉದ್ದ ಇದೆ. ಯಾವುದು ಸರಿ?
– ಓದುಗರು, ಎಂಸಿಸಿ ಬಿ ಬ್ಲಾಕ್, ದಾವಣಗೆರೆ

ಉತ್ತರ: ಮೊದಲು ಆ 60 ಸಾವಿರವನ್ನು ಬ್ಯಾಂಕಿನಲ್ಲೇ ಬಿಡಿ ತಂಗಿ. ಹಿತ್ತಲು ಬೇಡ.

ನಾನು ಸಿವಿಲ್ ಎಂಜಿನಿಯರ್. ಕೆಲಸದ ಮೇಲೆ ಬೆಂಗಳೂರಿನಲ್ಲಿದ್ದಾಗ ಗಾಲ್ಫ್ ಕಲಿತೆ. ನಿವೃತ್ತನಾಗಿ ದಾವಣಗೆರೆಗೆ ಬಂದ ವರ್ಷವೇ ಹಿತ್ತಲಲ್ಲಿ ಇಂಥದ್ದೇ ಹುಲ್ಲು ಹಾಸಿಸಿದೆ. ಆಗಲೂ ಕೆಳಗೆ ನಾಲ್ಕು ಇಂಚು ಮರಳೇ. ನಮ್ಮ ಬಡಾವಣೆ ಮೊದಲು ಗದ್ದೆ, ಅಡಿಯಲ್ಲಿ ಅಪ್ಪಟ ಎರೆಮಣ್ಣು. ಅದರ ಗುಣ ನಿಮಗೆ ಗೊತ್ತೇ ಇದೆ. ಮಳೆ ಬಂದರೆ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕುಳಿಯ ಪಕ್ಕ ಅಂಗೈಯಗಲ ಉಬ್ಬು ಬಂತು. ಮಾರ್ಚ್‌ಗೆ ಮಧ್ಯದಲ್ಲಿ ಉದ್ದಕ್ಕೆ ತಗ್ಗು ಬಿತ್ತು. ನೇರ ಹೊಡೆದ ಚೆಂಡು ಪ್ರತಿ ಸಲ ಎಡಕ್ಕೆ ಜಾರುತ್ತಿತ್ತು. ಹುಲ್ಲು ಚೆನ್ನಾಗಿಯೇ ಇತ್ತು, ನೆಲ ಕೈಕೊಟ್ಟಿತ್ತು.

ಹಿತ್ತಲಲ್ಲೇ ಆಗಬೇಕು ಅಂದರೆ ಎರಡಡಿ ಎರೆ ತೆಗೆಸಿ, ಗರಸು ತುಂಬಿಸಿ, ರೋಲರ್ ಹೊಡೆಸಿ, ಮೇಲೆ ಕ್ರಷರ್ ಪುಡಿ ಹಾಕಿಸಬೇಕು. ನೀರು ಹೋಗಲು ದಾರಿಯನ್ನೂ ಮಾಡಬೇಕು. ಇದಕ್ಕೇ ಹುಲ್ಲಿಗಿಂತ ಜಾಸ್ತಿ ಹಣ ಬೇಕು. ಅದೂ ಅಲ್ಲದೆ ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಪ್ಲಾಸ್ಟಿಕ್ ಹುಲ್ಲು ಕಾದ ಹಂಚಿನ ಹಾಗಾಗುತ್ತದೆ. ರಜೆಯಲ್ಲಿ ಹುಡುಗಿ ಬೆಳಿಗ್ಗೆ ಎಂಟರ ಮೇಲೆ ಅಲ್ಲಿ ನಿಲ್ಲಲಾರಳು.

ಇನ್ನು ನಿಮ್ಮ ತಮ್ಮ ಹೇಳಿದ ಮ್ಯಾಟ್. ಚೆಂಡು ವಾಪಸ್ ಬರಬೇಕಾದರೆ ಅದರ ತುದಿ ಏರು ಇರಲೇಬೇಕು, ಕುಳಿ ಇರುವುದು ಆ ಏರಿನ ಮೇಲೆ. ಏರು ಹತ್ತಲಿ ಎಂದು ಮಗು ದಿನಾ ಸ್ವಲ್ಪ ಜೋರಾಗಿ ಹೊಡೆಯುತ್ತದೆ. ಕೈಗೆ ಅದೇ ರೂಢಿಯಾಗುತ್ತದೆ. ನಿಜವಾದ ಗ್ರೀನ್‌ನಲ್ಲಿ ಅದೇ ಹೊಡೆತಕ್ಕೆ ಚೆಂಡು ಕುಳಿ ದಾಟಿ ಮೂರು ನಾಲ್ಕು ಅಡಿ ಹೋಗಿ ನಿಲ್ಲುತ್ತದೆ. ಬೆನ್ನು ಬಗ್ಗದ ನನ್ನಂಥವರಿಗೂ ನಾನು ಅದನ್ನು ಹೇಳುವುದಿಲ್ಲ. ಪಟ್ಟರ್ (ಚೆಂಡನ್ನು ಕುಳಿಗೆ ಉರುಳಿಸುವ ಕೋಲು) ಹಿಡಿಯ ತುದಿಗೆ ಸಿಕ್ಕಿಸುವ ರಬ್ಬರ್ ಬಟ್ಟಲು ಸಿಗುತ್ತದೆ, ಬಗ್ಗದೆ ಚೆಂಡು ಎತ್ತಬಹುದು. 13ರ ಹುಡುಗಿಗೆ ಅದೂ ಬೇಕಿಲ್ಲ.

ನಿಮ್ಮ ಹಾಲ್‌ಗೆ ಹತ್ತಡಿ ಉದ್ದ, ಎರಡರಿಂದ ಮೂರಡಿ ಅಗಲದ ಸಮತಟ್ಟು ಹಾಸು ತಗೊಳ್ಳಿ. ಹತ್ತಡಿ ಸಾಕಾ ಅಂತ ಅನುಮಾನ ಬೇಡ. ಪಾರ್ 72ರ, ಅಂದರೆ 18 ಕುಳಿಗೆ ಒಟ್ಟು 72 ಹೊಡೆತ ಲೆಕ್ಕದ ಮೈದಾನದಲ್ಲಿ ಕುಳಿಗೆ ಎರಡರಂತೆ 36 ಹೊಡೆತ ಪಟ್ಟಿಂಗಿಗೇ ಲೆಕ್ಕ, ಅಂದರೆ ಅರ್ಧ ಆಟ. ಅದರಲ್ಲಿ ಕೈ ನಡುಗಿಸುವುದು ನಾಲ್ಕರಿಂದ ಆರು ಅಡಿಯವು. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ದೂರ ಹೊಡೆಯುವುದರಲ್ಲಿ ಹಿಂದಿದ್ದರೂ ಪಟ್ಟಿಂಗಿನ ಬಲದಿಂದ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದರು. ಪದಕ ತಪ್ಪಿದ್ದು ಒಂದೇ ಹೊಡೆತದಲ್ಲಿ. ಆ ಬೆಳಿಗ್ಗೆ ಟಿವಿ ಮುಂದೆ ಕೂತಿದ್ದ ನನಗೆ ಈಗಲೂ ಎದೆ ಭಾರವಾಗುತ್ತದೆ.

ಅಂಗಡಿಯಲ್ಲಿ ನೈಲಾನ್ ಕೇಳಿ. ಹೆಬ್ಬೆರಳಿನಿಂದ ಎಳೆಗಳನ್ನು ಹತ್ತು ಎಣಿಸುವವರೆಗೆ ಒತ್ತಿ ಬಿಡಿ. ನೈಲಾನ್ ಮತ್ತೆ ಎದ್ದು ನಿಲ್ಲುತ್ತದೆ. ಅಗ್ಗದ ಪಾಲಿಪ್ರೊಪಿಲೀನ್ ಎಳೆ ಮಲಗಿಯೇ ಇರುತ್ತದೆ. ಅದನ್ನು ನಿಲ್ಲಿಸಲು ಮರಳು ತುಂಬಬೇಕು, ಅದು ಮನೆಯೊಳಗೆ ಆಗದ ಮಾತು. ಮಡಚಿ ಡಬ್ಬಿಗೆ ಹಾಕಿದ್ದು ಬೇಡವೇ ಬೇಡ, ಆ ಗೆರೆ ಹೋಗುವುದಿಲ್ಲ.

ಲೇಬಲ್ ಮೇಲೆ ‘ಸ್ಟಿಂಪ್ 12’ ಅಂತ ಇರಬಹುದು. ಎಡ್ವರ್ಡ್ ಸ್ಟಿಂಪ್ಸನ್ ಎನ್ನುವವರು 1935ರಲ್ಲಿ ಕಂಡುಹಿಡಿದ ಅಳತೆ ಅದು. ಮೂರಡಿ ಉದ್ದದ ಪಟ್ಟಿಯ ಮೇಲಿಂದ ಉರುಳಿಬಿಟ್ಟ ಚೆಂಡು ಗ್ರೀನ್ ಮೇಲೆ ಎಷ್ಟು ಅಡಿ ಹೋಗುತ್ತದೋ ಅಷ್ಟು. ಮಾಮೂಲಿ ಕ್ಲಬ್‌ಗಳಲ್ಲಿ 8ರಿಂದ 10 ಇರುತ್ತದೆ, 12 ದೊಡ್ಡ ಪಂದ್ಯಗಳ ವೇಗ. ಕಲಿಯುವವರಿಗೆ 9, 10 ಸರಿ.

ಲೇಬಲ್‌ಗಿಂತ ನಿಮ್ಮ ಕಣ್ಣನ್ನು ನಂಬಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಮೂರಡಿ ಅಲ್ಯೂಮಿನಿಯಂ ಆಂಗಲ್ ಕೊಳ್ಳಿ. ಹಾಸನ್ನು ಬಿಚ್ಚಿ ಒಂದು ತಾಸು ಬಿಡಲು ಹೇಳಿ. ಆಮೇಲೆ ಆಂಗಲ್ ಕೆಳಗೆ ಒಂದೆರಡು ಪುಸ್ತಕ ಇಟ್ಟು, ಒಂದೇ ಗುರುತಿನಿಂದ ಚೆಂಡು ಬಿಡಿ. ಹಾಸಿನೊಳಗೇ ನಿಲ್ಲುವಷ್ಟು ಎತ್ತರ ಸಾಕು. ಕೊನೆಯ ಒಂದಡಿಯನ್ನು ಮಂಡಿಯೂರಿ ನೋಡಿ. ಜೋರಾಗಿ ಹೋಗುವಾಗ ಚೆಂಡು ಎಲ್ಲ ತಪ್ಪನ್ನೂ ಮುಚ್ಚಿಕೊಳ್ಳುತ್ತದೆ. ನಿಧಾನವಾಗುತ್ತಾ, ಮೇಲಿನ ಅಕ್ಷರ ಓದುವಷ್ಟು ಮೆಲ್ಲಗೆ ತಿರುಗುವಾಗ, ಹಾಸಿನಲ್ಲಿ ಸುಕ್ಕಿದ್ದರೆ ಅಲ್ಲೇ ವಾಲುತ್ತದೆ. ಹತ್ತು ಸಲಕ್ಕೆ ಹತ್ತೂ ಗೇಣಿನೊಳಗೆ ಬಂದು ನಿಂತರೆ ಕಣ್ಣುಮುಚ್ಚಿ ತಗೊಳ್ಳಿ. ಆ ಕಡೆಯಿಂದಲೂ ಬಿಟ್ಟು ನೋಡಿ. ಎಳೆ ವಾಲಿದ ಕಡೆಗೆ ಚೆಂಡು ಸ್ವಲ್ಪ ಬೇಗ ಹೋಗುತ್ತದೆ, ತೀರಾ ಜಾಸ್ತಿ ಇರಬಾರದು.

ಹಾಸು ತೆಳ್ಳಗಿದ್ದರೆ ಟೈಲ್ಸ್ ಸಂದು ಚೆಂಡಿಗೆ ಗೊತ್ತಾಗುತ್ತದೆ, ಅಡಿಯಲ್ಲಿ ದಪ್ಪ ರಬ್ಬರ್ ಇರಲಿ. ಹಾಸುವ ಮೊದಲು ಗಾರೆಯವರ ರಸಮಟ್ಟ ಇಟ್ಟು ನೆಲ ನೋಡಿಕೊಳ್ಳಿ. ನೆಂಟರು ಬಂದಾಗ ಸುತ್ತಿಡಬೇಕು ಅಲ್ವಾ? ಒಂದು ಪಿವಿಸಿ ಪೈಪಿಗೆ ಹುಲ್ಲು ಹೊರಗೆ ಬರುವ ಹಾಗೆ ಸುತ್ತಿ, ಆಗ ಬಿಚ್ಚಿದಾಗ ತುದಿ ಮೇಲೇಳುವುದಿಲ್ಲ. ಸಂಜೆ ಮಂಡಕ್ಕಿ, ಮೆಣಸಿನಕಾಯಿ ತಿನ್ನುವವರನ್ನು ಆ ಕಡೆ ಕೂರಿಸಿ. ಒಂದು ಕಾಳು ಮಂಡಕ್ಕಿ ಬಿದ್ದಿದ್ದರೂ ಚೆಂಡು ದಾರಿ ಬದಲಿಸುತ್ತದೆ.

ನಿಜವಾದ ಕುಳಿಯ ಅಗಲ 108 ಮಿಲಿಮೀಟರ್. ಮೂರು ತಿಂಗಳು ಕಳೆದ ಮೇಲೆ ಅದರ ಬದಲು ಸ್ಟೀಲ್ ಲೋಟ ಮಲಗಿಸಿ ಅದರೊಳಗೆ ಹೊಡೆಯಲು ಹೇಳಿ. ನನ್ನ ಕಾಫಿ ಲೋಟದ ಬಾಯಿ 70 ಮಿಲಿಮೀಟರ್ ಇದೆ. ಅದಕ್ಕೆ ಪಳಗಿದ ಕಣ್ಣಿಗೆ ಮೈದಾನದ ಕುಳಿ ಬಕೆಟ್‌ನಂತೆ ಕಾಣುತ್ತದೆ.

ತಾರಸಿ ಇದ್ದರೆ ಮುಂದಿನ ವರ್ಷ ಹಾಸನ್ನು ಸಂಜೆ ಹೊತ್ತು ಅಲ್ಲಿಗೆ ಒಯ್ಯಿರಿ. ನೀರು ಹರಿಯಲಿ ಎಂದು ತಾರಸಿಗೆ ನಾವು ಸಣ್ಣ ಇಳಿಜಾರು ಕೊಟ್ಟಿರುತ್ತೇವೆ, ಸುಮಾರು ನೂರು ಅಡಿಗೆ ಒಂದಡಿ. ಅಡ್ಡಕ್ಕೆ ಹಾಸಿದರೆ ಚೆಂಡು ಎಷ್ಟು ವಾಲುತ್ತದೆ ಎಂದು ಅವಳೇ ಲೆಕ್ಕ ಹಾಕಲು ಕಲಿಯುತ್ತಾಳೆ. ಸದ್ಯಕ್ಕೆ ಅಂಗಡಿಗೆ ಹೋಗುವಾಗ ಮಗಳನ್ನೂ ಕರೆದುಕೊಂಡು ಹೋಗಿ, ಅವಳ ಪಟ್ಟರ್ ಜೊತೆಗಿರಲಿ.